ಮಾತು ಬೇಡವೆಂದ ದನಿ

ಅಮೆರಿಕದ ಗಾಯಕಿ, ಸಂಗೀತ ಸಂಯೋಜಕಿ ಮೆರೆಡಿತ್ ಮಂಕ್ ಅವರ ತಾಯಿ ರೇಡಿಯೋದಲ್ಲಿ ಹಾಡುತ್ತಿದ್ದರು. ಆಡ್ರಿ ಮಾರ್ಷ್ ಎಂದು ಹೆಸರು. ಜನಪ್ರಿಯ ಗೀತೆಗಳ ಜೊತೆಗೆ ಜಾಹೀರಾತಿನ ಹಾಡುಗಳನ್ನೂ ಹಾಡಿದವರು. ದನಿ ಆಕೆಯದು; ಮಾತು ಸರಕು ಮಾರುವವರದು. ಮಗಳ ಸಂಗೀತ ಕೇಳುವಾಗೆಲ್ಲ ನನಗೆ ಈ ತಾಯಿ ನೆನಪಾಗುತ್ತಾರೆ. ಮಗಳೋ, ಬಹುಮಟ್ಟಿಗೆ ಹಾಡಿನಿಂದ ಮಾತನ್ನೇ ಹೊರಗೆ ಕಳಿಸಿಬಿಟ್ಟರು.

ಮಂಕ್ ಹುಟ್ಟಿದ್ದು 1942ರಲ್ಲಿ, ನ್ಯೂಯಾರ್ಕಿನಲ್ಲಿ. ತಾಯಿಯ ತಂದೆ ರಷ್ಯಾದಿಂದ ಬಂದ ಗಾಯಕ. ಹುಡುಗಿಗೆ ಎರಡು ಕಣ್ಣುಗಳ ನೋಟ ಒಂದಾಗಿ ಕೂಡುತ್ತಿರಲಿಲ್ಲ. ಮೈಯ ಚಲನೆಯಿಂದಲೇ ಲಯ ಕಲಿಸುವ ಡಾಲ್‌ಕ್ರೋಜ್ ಪದ್ಧತಿಯ ಪಾಠಕ್ಕೆ ತಾಯಿ ಅವಳನ್ನು ಸೇರಿಸಿದರು. ಹಾಗಾಗಿ ಆಕೆಗೆ ಹಾಡು ಬೇರೆ, ಕುಣಿತ ಬೇರೆ ಎಂದಾಗಲೇ ಇಲ್ಲ. 1964ರಲ್ಲಿ ಸಾರಾ ಲಾರೆನ್ಸ್ ಕಾಲೇಜು ಮುಗಿಸಿದ ಸ್ವಲ್ಪ ದಿನಕ್ಕೇ, ದನಿಯೂ ಮೈಯ ಹಾಗೆ ಬಾಗಬಲ್ಲದು, ತಿರುಗಬಲ್ಲದು ಎಂಬುದು ಹೊಳೆಯಿತಂತೆ.

1981ರ 'ಡಾಲ್ಮೆನ್ ಮ್ಯೂಸಿಕ್' ಎಂಬ ಧ್ವನಿಮುದ್ರಿಕೆಯಲ್ಲಿ 'ಗಾಥಮ್ ಲಲಬೈ' ಎಂಬ ಪುಟ್ಟ ಹಾಡಿದೆ. ಗಾಥಮ್ ಎಂದರೆ ನ್ಯೂಯಾರ್ಕಿನ ಅಡ್ಡಹೆಸರು. ಊರಿಗೇ ಹಾಡಿದ ಜೋಗುಳ ಎನ್ನಿ. ಪಿಯಾನೋ ಕೆಲವೇ ಸ್ವರಗಳನ್ನು ತೊಟ್ಟಿಲು ತೂಗಿದಂತೆ ಮತ್ತೆ ಮತ್ತೆ ನುಡಿಸುತ್ತದೆ. ಅದರ ಮೇಲೆ ಅರ್ಥವಿರುವ ಒಂದೂ ಪದವಿಲ್ಲದೆ ದನಿ ಹೊರಡುತ್ತದೆ. ಮೊದಲು ಮೆಲ್ಲಗೆ, ಆಮೇಲೆ ಇದ್ದಕ್ಕಿದ್ದಂತೆ ಮೇಲೇರಿ ಒಡೆಯುತ್ತದೆ.

ಗೆಳತಿಯೊಬ್ಬಳಿಗೆ ಕೇಳಿಸಿದೆ. "ಯಾರೋ ಅತ್ತ ಹಾಗಿದೆಯಲ್ಲೇ, ಇದೂ ಸಂಗೀತವೇನೇ?" ಎಂದಳು. ಅಳುವವರ ದನಿ ಹಿಡಿತ ತಪ್ಪುತ್ತದೆ. ಇದು ಒಡೆದ ಮೇಲೂ ಬೇಕಾದ ಸ್ವರಕ್ಕೇ ಬಂದು ನಿಲ್ಲುತ್ತದೆ. ಇಂಥ ಹಾಡುಗಾರಿಕೆಯನ್ನು 'ಆದಿಮ', 'ಸಹಜ' ಎಂದು ಹೊಗಳುವವರೂ ಇದ್ದಾರೆ. ಆ ಹೊಗಳಿಕೆಯೂ ನನಗೆ ಹಿಡಿಸುವುದಿಲ್ಲ. ನಮ್ಮ ಅಡುಗೆಗೆಲ್ಲ 'ಕೈಗುಣ' ಎಂದುಬಿಟ್ಟು ನಿತ್ಯದ ದುಡಿಮೆಯನ್ನು ಮರೆಸುತ್ತಾರಲ್ಲ, ಹಾಗೆ. ಎಷ್ಟು ವರ್ಷದ ಸಾಧನೆ ಬೇಕು ಗಂಟಲನ್ನು ಹೀಗೆ ಒಡೆದು ಮತ್ತೆ ಕೂಡಿಸಲು!

ಆರು ದನಿಗಳ, ಸುಮಾರು 24 ನಿಮಿಷಗಳ 'ಡಾಲ್ಮೆನ್ ಮ್ಯೂಸಿಕ್' ಮಾತ್ರ ನಡುವೆ ನನ್ನನ್ನು ದಣಿಸಿತು. ಡಾಲ್ಮೆನ್ ಎಂದರೆ ನಮ್ಮ ಹಿರೇಬೆಣಕಲ್ಲಿನ ಗುಡ್ಡದ ಮೇಲಿರುವಂಥ ಪುರಾತನ ಕಲ್ಲುಮನೆ. ಹೆಸರು ಒಪ್ಪುತ್ತದೆ, ಕಲ್ಲಿನ ಮುಂದೆ ಕೂತಷ್ಟೇ ತಾಳ್ಮೆಯೂ ಬೇಕಾಗುತ್ತದೆ. 1991ರಲ್ಲಿ ಹ್ಯೂಸ್ಟನ್ನಿನಲ್ಲಿ ಆಡಿದ 'ಅಟ್ಲಾಸ್' ಎಂಬ ಆಪೆರಾದಲ್ಲೂ ಮಾತು ಬಲು ಕಡಿಮೆ.

ನನ್ನ ಮನಸ್ಸಿನಲ್ಲಿ ಉಳಿದದ್ದು 1972-73ರ 'ಎಜುಕೇಶನ್ ಆಫ್ ದ ಗರ್ಲ್‌ಚೈಲ್ಡ್'. ಅದರ ಒಂದು ಭಾಗದಲ್ಲಿ ಮಂಕ್ ಒಬ್ಬರೇ. ಮೊದಲು ಮುದುಕಿ, ಆಮೇಲೆ ನಡುವಯಸ್ಸಿನವಳು, ಕೊನೆಗೆ ಹುಡುಗಿ. ಬಾಳು ಹಿಂದಕ್ಕೆ ಬಿಚ್ಚಿಕೊಳ್ಳುತ್ತದೆ. ಆಗ ಅವರಿಗೆ ಮೂವತ್ತರ ಆಸುಪಾಸು. ಆದರೂ ಆ ಮುದುಕಿಯಲ್ಲಿ ಅಣಕವಿಲ್ಲ, ಅಯ್ಯೋ ಪಾಪ ಎನ್ನಿಸುವ ಹುನ್ನಾರವೂ ಇಲ್ಲ. ಅರವತ್ತು ದಾಟಿದ ಮೇಲೂ ಅವರು ಇದನ್ನು ಆಡಿದರು. ಆಗ ವೇಷ ಬೇಕಾದದ್ದು ಹುಡುಗಿಗೆ.