ಹಾಡಿನ ಕೂಲಿ, ಹಾಡಿನ ಒಡೆತನ

ನಮ್ಮ ಚಳವಳಿಯ ಗೆಳೆಯರ ನಡುವೆ ಒಬ್ಬ ಹಾಡುಗಾರನನ್ನು ಮುಗಿಸಿಬಿಡಲು ಒಂದೇ ಮಾತು ಸಾಕು: 'ಅಂವ ಮಾರ್ಕಂಡ.' ಆಕಾಶವಾಣಿಯಲ್ಲಿ ದನಿ ಕೇಳಿಸಿದರೆ ಮಾರ್ಕಂಡ, ಕ್ಯಾಸೆಟ್ ಮಾಡಿದರೆ ಮಾರ್ಕಂಡ, ಸಿನಿಮಾಕ್ಕೆ ಬರೆದರೆ ಮಾರ್ಕಂಡ, ಅಕಾಡೆಮಿ ಮೆಟ್ಟಿಲು ಹತ್ತಿದರಂತೂ ಕೇಳುವುದೇ ಬೇಡ. ಕ್ಯಾಸೆಟ್ ಹೋಗಿ ಯೂಟ್ಯೂಬ್ ಬಂದರೂ ಬೈಗುಳ ಮಾತ್ರ ಹಾಗೇ ಉಳಿದಿದೆ. ದಲಿತ ವಿಮರ್ಶೆ ಕವಿತೆ, ಕಾದಂಬರಿ, ಆತ್ಮಕಥೆಗಳ ಬಗ್ಗೆ ಸಾಕಷ್ಟು ಮಾತಾಡಿದೆ. ಹಾಡಿನ ಬಗ್ಗೆ, ಅದರಲ್ಲೂ ಹಾಡಿನ ದುಡ್ಡಿನ ಬಗ್ಗೆ, ಮಾತಾಡಿದ್ದು ಕಡಿಮೆ. ದುಡ್ಡಿನ ಮಾತು ಬಂದಕೂಡಲೇ ನಾವು ವಿಮರ್ಶಕರಾಗಿರದೆ ನ್ಯಾಯಾಧೀಶರಾಗಿಬಿಡುತ್ತೇವೆ. ಈ ಬೈಗುಳವನ್ನೇ ಸ್ವಲ್ಪ ಬಿಡಿಸಿ ನೋಡುವುದು ಈ ಲೇಖನದ ಉದ್ದೇಶ.

ಇದು ನಮ್ಮಲ್ಲಿ ಮಾತ್ರ ಇರುವ ಜಗಳವೇನಲ್ಲ. 1970ರ ದಶಕದ ನಡುಭಾಗದಲ್ಲಿ ಲಂಡನ್ನಿನಲ್ಲಿ ಪಂಕ್ ಎಂಬ ಸಂಗೀತ ಸದ್ದು ಮಾಡತೊಡಗಿತು. ಮೂರು ಸ್ವರ ಬಂದರೆ ಸಾಕು, ಯಾರು ಬೇಕಾದರೂ ತಂಡ ಕಟ್ಟಬಹುದು ಎನ್ನುವ ಸಿಟ್ಟಿನ ಸಂಗೀತ ಅದು. 1977ರಲ್ಲಿ ಸೆಕ್ಸ್ ಪಿಸ್ಟಲ್ಸ್ ತಂಡ ರಾಣಿಯನ್ನು ಗೇಲಿ ಮಾಡಿದ ಹಾಡನ್ನು ಬಿಬಿಸಿ ನಿಷೇಧಿಸಿತು. ಆದರೂ ಅದು ಮಾರಾಟದಲ್ಲಿ ಎರಡನೇ ಸ್ಥಾನಕ್ಕೆ ಏರಿತು. ಅದೇ ವರ್ಷದ ಜನವರಿಯಲ್ಲಿ ಕ್ಲ್ಯಾಶ್ ಎಂಬ ಇನ್ನೊಂದು ತಂಡ ಸಿಬಿಎಸ್ ಎಂಬ ದೊಡ್ಡ ಕಂಪನಿಯ ಜೊತೆ ಒಂದು ಲಕ್ಷ ಪೌಂಡಿನ ಒಪ್ಪಂದಕ್ಕೆ ಸಹಿ ಹಾಕಿದಾಗ, ನಮ್ಮ ಸಣ್ಣ ಪತ್ರಿಕೆಗಳಂಥದ್ದೇ ಒಂದು ಪತ್ರಿಕೆಯ ಸಂಪಾದಕ ಪಂಕ್ ಅಂದೇ ಸತ್ತಿತೆಂದು ಘೋಷಿಸಿದ. ಆಮೇಲೆ ಏನಾಯಿತು ನೋಡಿ. ತಂಡವನ್ನು ಕೇಳದೆ ಕಂಪನಿ ಅವರ ಒಂದು ಹಾಡನ್ನು ಬಿಡುಗಡೆ ಮಾಡಿತು. ಅವರು ಕಂಪನಿಯನ್ನೇ ಬೈದು ಇನ್ನೊಂದು ಹಾಡು ಕಟ್ಟಿದರು. ಆ ಬೈಗುಳವನ್ನೂ ಅದೇ ಕಂಪನಿ ಮಾರಿತು! ಇಷ್ಟಾಗಿಯೂ 1979ರಲ್ಲಿ ಅದೇ ತಂಡ ಹಟ ಹಿಡಿದು ಎರಡು ತಟ್ಟೆಗಳ ಆಲ್ಬಮನ್ನು ಒಂದರ ಬೆಲೆಗೆ ಕೊಡಿಸಿತು. 1991ರಲ್ಲಿ ಅವರ ಹಳೆಯ ಹಾಡೊಂದು ಲೀವೈಸ್ ಜೀನ್ಸ್ ಜಾಹೀರಾತಿಗೆ ಹೋಗಿ ಬ್ರಿಟನ್ನಿನ ಮೊದಲ ಸ್ಥಾನಕ್ಕೂ ಬಂತು. ಇವರು ಮಾರಿಕೊಂಡರೇ? ಯಾವ ವರ್ಷ? ಒಂದೇ ಮಾತಿನ ಉತ್ತರ ಸಿಗುವುದಿಲ್ಲ.

ಆದರೆ ಆ ಇಡೀ ಜಗಳ ಒಂದು ನಂಬಿಕೆಯ ಮೇಲೆ ನಿಂತಿದೆ. ದುಡ್ಡಿಲ್ಲದೆ ಹಾಡುವುದು ಸ್ವಾತಂತ್ರ್ಯ, ದುಡ್ಡಿಗೆ ಹಾಡುವುದು ಗುಲಾಮಗಿರಿ ಎಂಬ ನಂಬಿಕೆ. ಕ್ಲ್ಯಾಶ್ ತಂಡದ ಜೋ ಸ್ಟ್ರಮರ್ ವಿದೇಶಾಂಗ ಸೇವೆಯಲ್ಲಿದ್ದವರ ಮಗ, ಬೋರ್ಡಿಂಗ್ ಶಾಲೆಯಲ್ಲಿ ಓದಿದವನು. ಪಿಸ್ಟಲ್ಸ್ ತಂಡದ ಜಾನ್ ಲೈಡನ್ ಬಡ ಐರಿಷ್ ವಲಸಿಗರ ಮಗ. ಬಿಟ್ಟುಕೊಡಲು ಕೈಯಲ್ಲಿ ಏನಾದರೂ ಇದ್ದವನ ತ್ಯಾಗವನ್ನೂ ಏನೂ ಇಲ್ಲದವನ ಹಸಿವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಯಾವ ನ್ಯಾಯ?

ನಮ್ಮ ಕೇರಿಗಳ ಚರಿತ್ರೆಯಲ್ಲಂತೂ ಆ ನಂಬಿಕೆ ಪೂರ್ತಿ ತಲೆಕೆಳಗಾಗುತ್ತದೆ. ನಮ್ಮಲ್ಲಿ ದುಡ್ಡಿಲ್ಲದೆ ಬಾರಿಸಿದ್ದೇ ಗುಲಾಮಗಿರಿ. ಊರಿನ ಹಬ್ಬಕ್ಕೆ, ಸಾವಿಗೆ, ಡಂಗುರಕ್ಕೆ ಹಲಗೆ ಬಾರಿಸುವುದು ಕಲೆ ಅಂತ ಯಾರೂ ಕರೆಯಲಿಲ್ಲ, ಅದು ಬಿಟ್ಟಿ. ಕೇಣಿಯಲ್ಲಿ ನನ್ನ ಅಜ್ಜ ಹಬ್ಬದ ರಾತ್ರಿಯಿಡೀ ವಾದ್ಯ ನುಡಿಸಿ ತರುತ್ತಿದ್ದದ್ದು ಎರಡು ಸೇರು ಅಕ್ಕಿ, ಒಂದು ತೆಂಗಿನಕಾಯಿ. ಅದೂ ಕೈಗೆ ಕೊಟ್ಟದ್ದಲ್ಲ, ಅಂಗಳದ ಹೊರಗೆ ಇಟ್ಟದ್ದು. 'ಎಷ್ಟು ಕೊಡ್ತ್ರಿ?' ಎಂದು ಕೇಳುವ ಹಕ್ಕೇ ಅವನಿಗಿರಲಿಲ್ಲ. ಬಾಬಾಸಾಹೇಬರು 1928ರಲ್ಲಿ ಮುಂಬಯಿ ಶಾಸನಸಭೆಯಲ್ಲಿ ಮಂಡಿಸಿದ ವತನು ತಿದ್ದುಪಡಿ ಮಸೂದೆಯನ್ನು ಇಲ್ಲಿ ನೆನೆಯಬೇಕು. ಮಹಾರರ ಕೆಲಸ ಇಷ್ಟೇ ಎಂದು ಗೊತ್ತುಮಾಡಬೇಕು, ಅದಕ್ಕೆ ಸರಿಯಾದ ಸಂಬಳ ಸಿಗಬೇಕು, ಬೇಡವಾದವರು ಆ ಬಂಧನದಿಂದ ಹೊರಬರುವಂತಾಗಬೇಕು ಎಂಬುದು ಅದರ ತಿರುಳು. ಆಗ ನಮ್ಮ ಅಂಕೋಲೆ, ಕಾರವಾರ ಕೂಡ ಮುಂಬಯಿ ಪ್ರಾಂತ್ಯದಲ್ಲೇ ಇದ್ದವು. ಮಸೂದೆ ಗೆಲ್ಲಲಿಲ್ಲ, ಮರುವರ್ಷ ಹಿಂದಕ್ಕೆ ಪಡೆಯಬೇಕಾಯಿತು. ಆದರೆ ಅಂಬೇಡ್ಕರ್ ಅಲ್ಲಿ ಹೇಳಿಕೊಟ್ಟ ಪಾಠ ದೊಡ್ಡದು: ಕೂಲಿ ಕೇಳುವುದು ಬಿಡುಗಡೆಯ ಮೊದಲ ಮಾತು. ಹೀಗಿರುವಾಗ ದಲಿತ ಹಾಡುಗಾರ ಆಕಾಶವಾಣಿಯ ಚೆಕ್ಕಿಗೆ ಸಹಿ ಹಾಕಿದ್ದನ್ನು ಪತನ ಎನ್ನುವವರು ತಮಗೆ ಗೊತ್ತಿಲ್ಲದೆಯೇ ಬಿಟ್ಟಿಯ ಪರ ವಾದಿಸುತ್ತಿದ್ದಾರೆ.

ಈ ಮಾತನ್ನು ಸಿದ್ಧಲಿಂಗಯ್ಯನವರಿಗೆ ಹಚ್ಚಿ ನೋಡಬೇಕು, ಏಕೆಂದರೆ ನಮ್ಮ ಜಗಳವೆಲ್ಲ ಕೊನೆಗೆ ಅವರ ಬಾಗಿಲಿಗೇ ಬರುತ್ತದೆ. 1975ರಲ್ಲಿ ಬಂದ 'ಹೊಲೆಮಾದಿಗರ ಹಾಡು' ರೇಡಿಯೋ ಇಲ್ಲದೆ, ಕಂಪನಿ ಇಲ್ಲದೆ, ದಲಿತ ಸಂಘರ್ಷ ಸಮಿತಿಯ ಮೆರವಣಿಗೆಗಳ ಗಂಟಲಿನಿಂದಲೇ ಹಳ್ಳಿಹಳ್ಳಿ ತಲುಪಿತು. ಅಕ್ಷರ ಬಾರದವರಿಗೂ ಅವು ಬಾಯಿಪಾಠವಾದವು. ಅದೇ ಕವಿ 1983ರ ಪುಟ್ಟಣ್ಣ ಕಣಗಾಲರ 'ಧರಣಿ ಮಂಡಲ ಮಧ್ಯದೊಳಗೆ' ಚಿತ್ರಕ್ಕೆ ಹಾಡು ಕೊಟ್ಟರು, 1988ರಲ್ಲಿ ವಿಧಾನ ಪರಿಷತ್ತಿಗೆ ಹೋದರು. ಅಂದಿನಿಂದ 2021ರ ಜೂನ್‌ನಲ್ಲಿ ಕೋವಿಡ್‌ಗೆ ಬಲಿಯಾಗುವವರೆಗೂ ಈ ಬೈಗುಳ ಅವರ ಬೆನ್ನು ಬಿಡಲಿಲ್ಲ. ನನಗನ್ನಿಸುವುದು ಇಷ್ಟು. ಸಿನಿಮಾಕ್ಕೆ ಪ್ರೇಮಗೀತೆ ಬರೆದದ್ದು ಅಪರಾಧವೇ ಅಲ್ಲ. ಹೊಲೆಯ ಮಾದಿಗರು ಸಿಟ್ಟನ್ನು ಮಾತ್ರ ಬರೆಯಬೇಕು, ಬೆಳದಿಂಗಳನ್ನು ಬೇರೆಯವರಿಗೆ ಬಿಟ್ಟುಕೊಡಬೇಕು ಎನ್ನುವುದು ಇನ್ನೊಂದು ತರದ ಮಡಿ. ಪರಿಷತ್ತಿನ ಬಗ್ಗೆ ಬೈಯುವವರು 'ಸದನದಲ್ಲಿ ಸಿದ್ಧಲಿಂಗಯ್ಯ' ಸಂಪುಟಗಳನ್ನು ಓದಿ ಆಮೇಲೆ ಬೈಯಲಿ. ಆದರೆ ವಿಮರ್ಶೆ ಕೇಳಲೇಬೇಕಾದ ಪ್ರಶ್ನೆ ಒಂದಿದೆ. ಮೊದಲ ಸಂಕಲನದ ಹಾಡುಗಳಲ್ಲಿ 'ನಾವು' ಅಂದರೆ ಯಾರೆಂದು ಕೇಳುಗನಿಗೆ ಅನುಮಾನವೇ ಇರಲಿಲ್ಲ. ಮುಂದಿನ ಬರವಣಿಗೆಯಲ್ಲಿ ಆ 'ನಾವು' ಹಿಗ್ಗುತ್ತಾ ಹೋಗಿ ಎಲ್ಲರಿಗೂ ಹಿತವಾಗತೊಡಗಿತು. ಈ ಬದಲಾವಣೆಯನ್ನು ಪಠ್ಯ ಇಟ್ಟುಕೊಂಡು ತೋರಿಸುವುದು ವಿಮರ್ಶೆ. ಚೆಕ್ಕಿನ ಮೊತ್ತ ಎಣಿಸುವುದು ವಿಮರ್ಶೆಯಲ್ಲ.

ಇದಕ್ಕೆ ಎದುರಾಗಿ ದೇವನೂರ ಮಹಾದೇವರನ್ನು ನಿಲ್ಲಿಸುವುದು ರೂಢಿ. ಅವರು 2010ರಲ್ಲಿ ನೃಪತುಂಗ ಪ್ರಶಸ್ತಿಯನ್ನು ನಿರಾಕರಿಸಿದರು, 2015ರಲ್ಲಿ ಪದ್ಮಶ್ರೀಯನ್ನು ಹಿಂದಿರುಗಿಸಿದರು. ನಿಜ, ದೊಡ್ಡದು. ಆದರೆ ನೃಪತುಂಗ ಬೇಡವೆಂದಾಗ ಅವರು ದುಡ್ಡು ಮೈಲಿಗೆ ಎಂದೇನೂ ಹೇಳಲಿಲ್ಲ, ಶಾಲೆಗಳಲ್ಲಿ ಕನ್ನಡ ಮಾಧ್ಯಮ ಬರಲಿ ಎಂದು ಕೇಳಿದರು. ಆ ನಿರಾಕರಣೆಯೊಳಗೆ ಒಂದು ಬೇಡಿಕೆ ಇತ್ತು, ಅದಕ್ಕೇ ಅದಕ್ಕೆ ಬಲ. ಬೇಡಿಕೆ ಇಲ್ಲದ ನಿರಾಕರಣೆ ಬರೀ ಶುದ್ಧಿಯಾಗುತ್ತದೆ. ಶುದ್ಧಿಯ ಸಹವಾಸ ನಮಗೆ ಸಾಕಾಗಿದೆ.

ಹಾಗಾದರೆ ರೇಡಿಯೋ, ಕಂಪನಿಗಳೆಲ್ಲ ನಮ್ಮ ನೆಂಟರೇ? ಖಂಡಿತ ಅಲ್ಲ. ಆಕಾಶವಾಣಿಯ ಬಾಗಿಲು ಯಾವತ್ತೂ ಜಾಣ ಬಾಗಿಲು. ಹಾರ್ಮೋನಿಯಂ ಭಾರತೀಯ ಸಂಗೀತಕ್ಕೆ ಒಗ್ಗದು ಎಂದು 1940ರಿಂದ 1971ರವರೆಗೆ ಅದನ್ನೇ ಹೊರಗಿಟ್ಟ ಸಂಸ್ಥೆ ಅದು. 1952ರಲ್ಲಿ ಮಂತ್ರಿ ಕೇಸ್ಕರ್ ಕಾಲದಲ್ಲಿ ಸಿನಿಮಾ ಹಾಡುಗಳಿಗೂ ಬಾಗಿಲು ಹಾಕಿತು, ಜನ ರೇಡಿಯೋ ಸಿಲೋನ್ ಹಚ್ಚಿದರು. ಖಾಸಗಿ ಎಫ್ಎಂ ಬಂದ ಮೇಲೆ ಶ್ರುತಿಶುದ್ಧತೆ ನೋಡುವ ಅಧಿಕಾರಿಯ ಜಾಗದಲ್ಲಿ ಜಾಹೀರಾತುದಾರ ಕೂತ. ಬಾಗಿಲು ಕಾಯುವವರು ಬದಲಾದರು, ಬಾಗಿಲು ಹಾಗೇ ಇದೆ.

ಈ ಬಾಗಿಲ ಒಳಗೆ ಹೋದವರಿಗೆ ಏನಾಗುತ್ತದೆ ಎಂಬುದಕ್ಕೆ ಪಕ್ಕದ ತಮಿಳುನಾಡಿನ ಉದಾಹರಣೆ ಸಾಕು. ಪಾ. ರಂಜಿತ್ ಕಟ್ಟಿದ 'ಕ್ಯಾಸ್ಟ್‌ಲೆಸ್ ಕಲೆಕ್ಟಿವ್' ತಂಡದ ಅರಿವು, 2021ರಲ್ಲಿ 'ಎಂಜಾಯ್ ಎಂಜಾಮಿ' ಹಾಡನ್ನು ಬರೆದು ಗಾಯಕಿ ಧೀ ಜೊತೆ ಹಾಡಿದರು. ಸಿಲೋನಿನ ಚಹಾ ತೋಟದಲ್ಲಿ ದುಡಿದ ತನ್ನ ಅಜ್ಜಿ ವಳ್ಳಿಯಮ್ಮಾಳ್ ಅವರ ನೆನಪು ಅದರಲ್ಲಿದೆ. ಕೋಟಿಗಟ್ಟಲೆ ಜನ ಕೇಳಿದರು. ಅದೇ ವರ್ಷ ಒಂದು ಸಂಗೀತ ಪತ್ರಿಕೆ ಆ ಹಾಡಿನ ಹೆಸರು ಹೇಳಿ ಮುಖಪುಟ ಮಾಡಿದಾಗ ಅರಿವು ಅವರ ಮುಖವೇ ಅದರಲ್ಲಿರಲಿಲ್ಲ. 2024ರಲ್ಲಿ ಸಂಗೀತ ಸಂಯೋಜಕ ಸಂತೋಷ್ ನಾರಾಯಣನ್ ಈ ಹಾಡಿನಿಂದ ತಮಗ್ಯಾರಿಗೂ ಬಿಡಿಕಾಸು ಬಂದಿಲ್ಲ ಎಂದು ಬಹಿರಂಗವಾಗಿ ಹೇಳಿದರು. ಇಲ್ಲಿ ಯಾರು ಯಾರನ್ನು ಮಾರಿದರು ಹೇಳಿ! ಹಾಡು ದುಡ್ಡು ಮಾಡಿದ್ದು ಇಲ್ಲಿ ಸಮಸ್ಯೆಯಲ್ಲ. ಹಾಡಿದವರ ಮುಖ ಒಂದು ಕಡೆ, ದುಡ್ಡು ಇನ್ನೊಂದು ಕಡೆ ಹೋದದ್ದು ಸಮಸ್ಯೆ.

ನಮ್ಮ ಅಂಕೋಲೆಯಲ್ಲೂ ಇದೇ ಕತೆಯ ಇನ್ನೊಂದು ರೂಪ ಇದೆ. ಬಡಗೇರಿಯ ಸುಕ್ರಿ ಬೊಮ್ಮಗೌಡ ದಲಿತರಲ್ಲ, ಹಾಲಕ್ಕಿ ಒಕ್ಕಲಿಗರು. ಆದರೆ ಗದ್ದೆಯ ಕೆಲಸದ ಜೊತೆಗೆ ಹಾಡು ಕಟ್ಟಿದ ಹೆಂಗಸು. ಅವರು ರೇಡಿಯೋದಲ್ಲಿ ಹಾಡಿದರು, ವೇದಿಕೆಗಳಲ್ಲಿ ಹಾಡಿದರು, ಅದೇ ದನಿಯಿಂದ ಊರಲ್ಲಿ ಸಾರಾಯಿ ವಿರುದ್ಧ ಹೆಂಗಸರನ್ನು ಕೂಡಿಸಿದರು. 2017ರಲ್ಲಿ ಪದ್ಮಶ್ರೀ ಬಂತು. ಆದರೆ ಹಾಲಕ್ಕಿಗಳನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿ ಎಂಬ ಬೇಡಿಕೆ ಈಡೇರುವ ಮೊದಲೇ 2025ರ ಫೆಬ್ರವರಿಯಲ್ಲಿ ಅಜ್ಜಿ ತೀರಿಕೊಂಡರು. ಪ್ರಭುತ್ವಕ್ಕೆ ಹಾಡುಗಾರ್ತಿ ಬೇಕು, ಹಾಡಿನ ಹಿಂದಿನ ಜನ ಬೇಡ. ಇದಕ್ಕೆ ಸುಕ್ರಜ್ಜಿ ಹೇಗೆ ಹೊಣೆ? ಕೊಟ್ಟ ಸನ್ಮಾನ ತಗೊಂಡದ್ದಕ್ಕೆ ಅವರನ್ನು ಬೈಯುವ ಬದಲು, ಕೊಟ್ಟವರ ಲೆಕ್ಕ ಕೇಳುವುದು ನಮ್ಮ ಕೆಲಸ.

ಇದೆಲ್ಲ ನಮಗೆ ಈಗಲೇ ಯಾಕೆ ಮುಖ್ಯ ಅಂದರೆ, ಕೇಣಿಯ ದಂಡೆಯಲ್ಲಿ ವಾಣಿಜ್ಯ ಬಂದರು ಕಟ್ಟುವ ಯೋಜನೆ 2023ರಲ್ಲಿ ಜೆಎಸ್‌ಡಬ್ಲ್ಯು ಕಂಪನಿಯ ಪಾಲಾಯಿತು. 2025ರಲ್ಲಿ ಮೀನುಗಾರರು ಅದನ್ನು ವಿರೋಧಿಸಿ ಬೀದಿಗಿಳಿದರು. ಇಂಥ ಜಾಗದಲ್ಲಿ ಹಾಡಿಗೆ ತಟ್ಟನೆ ಬೆಲೆ ಬರುತ್ತದೆ. ಯಾರೋ ಉತ್ಸವ ಮಾಡುತ್ತಾರೆ, ಗುಮಟೆ ತಂಡವನ್ನು ಕರೆಯುತ್ತಾರೆ, ಕೈತುಂಬಾ ಕೊಡುತ್ತಾರೆ. ನನ್ನ ವಿದ್ಯಾರ್ಥಿಗಳು ಕೇಳುತ್ತಾರೆ: 'ಸರ್, ಕರದ್ರೆ ಹೋಗೂದೋ ಬೇಡವೋ?' ಹೋಗಬೇಡಿ ಎಂದು ಸಂಬಳ ಎಣಿಸುವ ನಾನು ಹೇಗೆ ಹೇಳಲಿ? ಪುಕ್ಕಟೆ ಹಾಡಿ ಅಂತಲೂ ಹೇಳಲಾರೆ. ಚಳವಳಿಯ ಸಭೆಗಳಲ್ಲೂ ನಾವು ಹಾಡುಗಾರರಿಗೆ ಬಸ್ ಚಾರ್ಜು ಕೊಡದೆ ಕಳಿಸಿದ್ದು ಕಡಿಮೆಯೇನಲ್ಲ. ಭಾಷಣಕಾರನಿಗೆ ಕಾರು, ಹಾಡುವವನಿಗೆ ಚಪ್ಪಾಳೆ! ಇದೂ ಬಿಟ್ಟಿಯೇ.

ನಾನು ಅವರಿಗೆ ಮೂರು ಪ್ರಶ್ನೆ ಕೇಳಿಕೊಳ್ಳಿ ಎನ್ನುತ್ತೇನೆ. ಒಂದು, ಯಾವ ಹಾಡು ಹಾಡಬೇಕು, ಯಾವ ಸಾಲು ಬಿಡಬೇಕು ಎಂದು ತೀರ್ಮಾನಿಸುವವರು ಯಾರು? ಎರಡು, ರೆಕಾರ್ಡಿಂಗ್ ಯಾರ ಹೆಸರಲ್ಲಿರುತ್ತದೆ? 2012ರ ಕಾಪಿರೈಟ್ ತಿದ್ದುಪಡಿ ಪದ ಬರೆದವರಿಗೆ, ರಾಗ ಹಾಕಿದವರಿಗೆ ರಾಯಲ್ಟಿಯ ಹಕ್ಕನ್ನು ಗಟ್ಟಿ ಮಾಡಿದೆ. ಆದರೆ ಕರ್ತೃವಿನ ಹೆಸರೇ ಇಲ್ಲದ ಕೇರಿಯ ಹಾಡಿಗೆ ಪದ, ರಾಗದ ಆ ರಾಯಲ್ಟಿ ಸಿಗುವುದಿಲ್ಲ, ಹಾಗಾಗಿ ತಂಡದವರು ಒಪ್ಪಂದವನ್ನು ಓದಿಯೇ ಸಹಿ ಹಾಕಬೇಕು. ಮೂರು, ಇವತ್ತು ಅಲ್ಲಿ ಹಾಡಿದ್ದನ್ನು ನಾಳೆ ದಂಡೆಯ ಮೇಲೆ ಬಲೆ ಒಣಗಿಸುವವರ ಎದುರು ತಲೆಯೆತ್ತಿ ಹಾಡಲು ಆಗುತ್ತದೋ? ಮೂರನೆಯದಕ್ಕೆ ಇಲ್ಲ ಎಂಬ ಉತ್ತರ ಬಂದರೆ ದುಡ್ಡು ಎಷ್ಟೇ ಇರಲಿ, ಹೋಗುವುದು ಬೇಡ. ಹೌದು ಎಂದಾದರೆ ಕೂಲಿಯನ್ನು ಪೂರ್ತಿ ಕೇಳಿ, ಮುಂಗಡ ತಗೊಂಡೇ ಹೋಗಿ. ನನ್ನ ಅಜ್ಜನಿಗೆ ಆ ಹಕ್ಕು ಇರಲಿಲ್ಲ. ಅದನ್ನು ಮೊಮ್ಮಕ್ಕಳಿಂದ ಮತ್ತೆ ಕಸಿದುಕೊಳ್ಳುವ ಕೆಲಸ ದಲಿತ ವಿಮರ್ಶೆಯ ಹೆಸರಲ್ಲಂತೂ ಆಗಬಾರದು.