ಗೊಂಡೆ ಬಿಟ್ಟು ಗಂಟು ನೋಡಿ

ಹೊಸೂರಿನ ಬಾಗಲೂರು ರಸ್ತೆಯ ಹೊಸ ಅಪಾರ್ಟ್‌ಮೆಂಟುಗಳಲ್ಲಿ ಗೃಹಪ್ರವೇಶಕ್ಕೆ ಹೋದವರು ಈಗ ದೇವರ ಮನೆಗಿಂತ ಮೊದಲು ಸೋಫಾದ ಹಿಂದಿನ ಗೋಡೆಯ ದರ್ಶನ ಮಾಡುತ್ತಾರೆ. ಅಲ್ಲೊಂದು ಕೋಲು, ಕೋಲಿನಿಂದ ಇಳಿಬಿದ್ದ ಬಿಳಿ ಹತ್ತಿಹುರಿಯ ಮ್ಯಾಕ್ರಮೆ. ತುದಿಯ ಗೊಂಡೆಯನ್ನು ಕುದುರೆಬಾಲದಂತೆ ಬಾಚಿ, ಕತ್ತರಿಯಲ್ಲಿ ಓರಣ ಮಾಡಿರುತ್ತಾರೆ. ಬಂದವರು ಅದನ್ನು ಸವರಿ, 'ಸೂಪರ್' ಎಂದು ಫೋಟೊ ತೆಗೆದು ಕೇಸರಿಬಾತಿನ ಕಡೆ ನಡೆಯುತ್ತಾರೆ. ಮೇಲೆ ಇರುವುದೇ ಎಂಟು ಗಂಟು. ಅದರಲ್ಲಿ ಎರಡು ತಪ್ಪು. ಕಂಡವರು ಯಾರೂ ಇಲ್ಲ.

ಮ್ಯಾಕ್ರಮೆ ಗಂಟಿನ ಕಲೆ, ಬಾಚಣಿಗೆಯ ಕಲೆಯಲ್ಲ. ಹೆಸರು ಅರಬ್ಬಿ ಮೂಲದ್ದು ಎನ್ನುತ್ತಾರೆ. ಮಗ್ಗದಿಂದ ಇಳಿಸಿದ ಬಟ್ಟೆಯ ಅಂಚಿನಲ್ಲಿ ಉಳಿದ ಹಾಸಿನ ಎಳೆಗಳು ಬಿಚ್ಚಿಕೊಳ್ಳದಿರಲೆಂದು ನೇಕಾರರು ಹಾಕಿದ ಗಂಟೇ ಬೆಳೆದು ಅಲಂಕಾರವಾಯಿತು. ಸೀರೆಯ ಸೆರಗಿಗೆ ಕುಚ್ಚು ಕಟ್ಟುವ ಹೆಂಗಸಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಅವಳು ಮಾಡುತ್ತಿರುವುದೂ ಅದನ್ನೇ. ಗೊಂಡೆ ಎಂಬುದು ಗಂಟು ಮುಗಿದ ಮೇಲೆ ಉಳಿದ ಬಾಲ. ಬಾಲ ನೋಡಿ ಹಸು ಕೊಳ್ಳುವವರು ಮತ್ತಿಗಿರಿ, ತಳಿ ಊರುಗಳ ಕಡೆ ಯಾರೂ ಇಲ್ಲ. ಹುರಿಯ ವಿಷಯ ಬಂದಾಗ ಮಾತ್ರ ಎಲ್ಲರೂ ಬಾಲದ ಕಡೆಗೇ ಹೋಗುತ್ತಾರೆ.

ಇನ್ನು 'ಪ್ಲಾಂಟ್ ಹ್ಯಾಂಗರ್' ಎಂಬ ಹೊಸ ಅವತಾರ. ಹಳೆಯ ಮನೆಗಳ ಅಡುಗೆಕೋಣೆಯ ತೊಲೆಯಿಂದ ಇಳಿಬಿಟ್ಟಿದ್ದ ನೆಲುವು ಇದೇ ಅಲ್ಲವೇ? ಇದೇ ಸೀಮೆಯ ತಮಿಳರು ಅದನ್ನು 'ಉರಿ' ಎಂದರು, ಕೃಷ್ಣ ಜಯಂತಿಯ ಉರಿಯಡಿ ಆಟಕ್ಕೆ ಆ ಹೆಸರು ಬಂದದ್ದು ಅಲ್ಲಿಂದ. ಬೆಕ್ಕಿಗೂ ಇರುವೆಗೂ ಎಟುಕದಂತೆ ಹಾಲು, ಮೊಸರು, ಬೆಣ್ಣೆಯ ಗಡಿಗೆಗಳನ್ನು ಒಂದರ ಮೇಲೊಂದು ಹೊತ್ತು ನಿಲ್ಲುತ್ತಿದ್ದ ಹಗ್ಗದ ಜಾಲ ಅದು. ಗಡಿಗೆಯ ಜಾಗಕ್ಕೆ ಮನಿಪ್ಲಾಂಟ್ ಬಂತು, ಬೆಲೆ ಏರಿತು, ಕಟ್ಟುವವರ ಕೈ ಸಡಿಲವಾಯಿತು.

ಸಡಿಲ ಎಂದದ್ದು ಸುಮ್ಮನೆ ಅಲ್ಲ. ಬೆಂಗಳೂರಿನ ಕರಕುಶಲ ಮೇಳವೊಂದರಲ್ಲಿ ಈ ಲೇಖಕ ಕೊಂಡ ಅಂಥದೊಂದು ಜಾಲ ತಿಂಗಳೊಳಗೆ ಒಂದು ಮಗ್ಗುಲಿಗೆ ವಾಲಿತು. ನಾಲ್ಕು ಸಾಲುಗಳಲ್ಲಿ ಒಂದರ ಬಿಗಿ ಬೇರೆ ಇತ್ತು. ಕುಂಡ ಒಡೆಯಿತು, ಗೊಂಡೆಗೆ ಏನೂ ಆಗಲಿಲ್ಲ.

ಹಾಗಾದರೆ ನೋಡಬೇಕಾದ್ದು ಯಾವುದನ್ನು? ಅರೆಗಂಟನ್ನು. ಉಳಿದದ್ದೆಲ್ಲ ಆಮೇಲೆ.

ನಾಲ್ಕು ಎಳೆ ಇಳಿಬಿಡಿ. ನಡುವಿನ ಎರಡು ಸುಮ್ಮನೆ ನಿಲ್ಲುತ್ತವೆ, ಹೊರಗಿನ ಎರಡು ದುಡಿಯುತ್ತವೆ. ಎಡದ ಎಳೆ ನಡುವಿನವುಗಳ ಮೇಲೆ ಹಾದು ಬಲದ ಎಳೆಯ ಅಡಿಗೆ ಹೋಗಲಿ. ಬಲದ್ದು ಹಿಂದಿನಿಂದ ಬಂದು ಎಡದ ಕುಣಿಕೆಯಲ್ಲಿ ತಲೆ ಹೊರಹಾಕಲಿ. ಎಳೆಯಿರಿ. ಇದು ಅರೆಗಂಟು. ಮುಂದಿನದನ್ನು ಬಲದಿಂದ ಶುರುಮಾಡಿದರೆ ಎರಡೂ ಸೇರಿ ಒಂದು ಪೂರ್ಣ ಸ್ಕ್ವೇರ್ ನಾಟ್, ಸಾಲು ಪಟ್ಟಿಯಂತೆ ಚಪ್ಪಟೆಯಾಗಿ ಇಳಿಯುತ್ತದೆ. ಅದರ ಬದಲು ಮತ್ತೆ ಮತ್ತೆ ಎಡದಿಂದಲೇ ಕಟ್ಟುತ್ತ ಹೋದರೆ ಸಾಲು ತಾನಾಗಿ ತಿರುಚಿಕೊಂಡು ಬಳ್ಳಿಯಂತೆ ಸುತ್ತುತ್ತದೆ. ಹುರಿ ಅದೇ, ಕೈ ಅದೇ, ಗಂಟೂ ಅದೇ. ಬದಲಾದದ್ದು ಸರದಿ ಒಂದೇ. ಇದನ್ನು ಮೊದಲ ಸಲ ಕಂಡು ಬೆರಗಾಗದವರಿಗೆ ಈ ಕಲೆ ಬೇಡ, ಕೇಸರಿಬಾತು ಸಾಕು.

ರಸಿಕನ ಕಣ್ಣಿಗೆ ಗುರುತು ಸಿಗುವುದು ಸಾಲಿನ ಅಂಚಿನಲ್ಲಿ. ಪ್ರತಿ ಪೂರ್ಣ ಗಂಟೂ ಒಂದು ಮಗ್ಗುಲಲ್ಲಿ ಒಂದು ಉಬ್ಬು ಬಿಡುತ್ತದೆ. ಎಡದಿಂದ ಆರಂಭಿಸಿದ್ದರೆ ಉಬ್ಬು ಎಡಕ್ಕೆ, ಬಲದಿಂದ ಆರಂಭಿಸಿದ್ದರೆ ಬಲಕ್ಕೆ. ಗಂಟು ಎಷ್ಟೆಂದು ಎಣಿಸಲು ಉಬ್ಬು ಎಣಿಸಿದರೆ ಸಾಕು. ಕಟ್ಟುವವರಿಗೆ ಫೋನ್ ಬಂತು, ಹಾಲು ಉಕ್ಕಿತು, ಮರಳಿ ಕೂತಾಗ ಸರದಿ ಮರೆತು ಒಂದೇ ಕಡೆಯಿಂದ ಎರಡು ಸಲ ಕಟ್ಟಿದರು ಎನ್ನಿ. ಅಲ್ಲಿಂದ ಮುಂದೆ ಉಬ್ಬುಗಳೆಲ್ಲ ಇನ್ನೊಂದು ಮಗ್ಗುಲಿಗೆ ಹಾರಿರುತ್ತವೆ. ಹಾಲು ಉಕ್ಕಿದ ಗಳಿಗೆ ಗೋಡೆಯ ಮೇಲೆ ಶಾಶ್ವತವಾಗಿ ನಿಂತಿರುತ್ತದೆ.

ಈ ಲೇಖಕನಿಗೆ ಅದನ್ನು ಕಲಿಸಿದ್ದು ಪುಸ್ತಕವಲ್ಲ, ದೇನ್ಕನಿಕೋಟೆ ಕಡೆಯ ಒಬ್ಬ ಸೋದರತ್ತೆ. ಜೀವನವಿಡೀ ಪ್ಲಾಸ್ಟಿಕ್ ವೈರ್ ಬುಟ್ಟಿ ಹೆಣೆದ ಕೈ ಅವರದು. ಕೃಷ್ಣಗಿರಿ ಸೀಮೆಯಲ್ಲಿ ಸಂತೆಗೆ, ಬಸ್ಸಿಗೆ, ಆಸ್ಪತ್ರೆಗೆ ಹೊರಟವರ ಕೈಯಲ್ಲೆಲ್ಲ ಇರುತ್ತಿದ್ದ ಬುಟ್ಟಿ ಅದು. ಅದರ ವಿನ್ಯಾಸಗಳ ಹೆಸರು ಕೇಳಿ: ಶಿವನ್ ಕಣ್, ನೆಲ್ಲಿಕಾಯಿ, ಬಿಸ್ಕತ್ತು. ಹೆಸರಿಟ್ಟವರು ಗಂಟಿನ ಆಕಾರ ನೋಡಿ ಇಟ್ಟಿದ್ದಾರೆ. ವೈರ್ ಬುಟ್ಟಿಗೆ ಗೊಂಡೆಯೇ ಇಲ್ಲ, ತಪ್ಪು ಮುಚ್ಚಿಕೊಳ್ಳಲು ಜಾಗವೂ ಇಲ್ಲ. ಕಾಲೇಜು ಹುಡುಗನೊಬ್ಬ ಹೆಮ್ಮೆಯಿಂದ ಕಟ್ಟಿ ತಂದ ಹತ್ತಿಹುರಿಯ ಸಾಲನ್ನು ಆಕೆ ನೋಡಲೂ ಇಲ್ಲ. ಅವರೆಕಾಳು ಸುಲಿಯುವುದನ್ನು ನಿಲ್ಲಿಸಿ, ಹೆಬ್ಬೆರಳನ್ನು ಅಂಚಿನುದ್ದಕ್ಕೂ ಇಳಿಸಿ, ಒಂದೆಡೆ ತಡೆದು, 'ಇಲ್ಲಿ ಎದ್ದು ಹೋಗಿದ್ದೀಯ' ಎಂದರು. ಎದ್ದು ಹೋದದ್ದು ನಿಜ. ಆ ಸಂಜೆಯಿಂದ ಈ ಲೇಖಕ ಯಾರ ಮನೆಗೆ ಹೋದರೂ ಮೊದಲು ಹೆಬ್ಬೆರಳು ಮುಂದೆ ಮಾಡುತ್ತಾನೆ. ಕೆಲವು ಮನೆಗಳು ಮತ್ತೆ ಕರೆದಿಲ್ಲ.

ಎರಡು ಅರೆಗಂಟು ಸೇರಿದ ಆ ಸ್ಕ್ವೇರ್ ನಾಟ್, ನಡುವಿನ ಎಳೆಗಳಿಲ್ಲದೆ ಕಟ್ಟಿದಾಗ, ಗ್ರೀಕರೂ ರೋಮನ್ನರೂ ಹರ್ಕ್ಯುಲಿಸ್‌ನ ಹೆಸರಿನಲ್ಲಿ ಕರೆದ ಗಂಟು. ರೋಮಿನ ಮದುವಣಗಿತ್ತಿಯ ನಡುಪಟ್ಟಿಗೆ ಇದನ್ನೇ ಬಿಗಿಯುತ್ತಿದ್ದರು. ನಮ್ಮಲ್ಲಿ ಮೂರು ಗಂಟು, ಅವರಲ್ಲಿ ಒಂದು. ಗಾಯದ ಪಟ್ಟಿಯನ್ನು ಈ ಗಂಟಿನಿಂದ ಕಟ್ಟಿದರೆ ಬೇಗ ಮಾಯುತ್ತದೆಂದು ರೋಮನ್ ಲೇಖಕ ಪ್ಲಿನಿ ಬರೆದಿಟ್ಟಿದ್ದಾನೆ. ಸರದಿ ತಪ್ಪಿಸಿ ಕಟ್ಟಿದರೆ ಸಿಗುವುದು ನಾವಿಕರು ಹಳಿಯುವ, ಜಾರುವ 'ಗ್ರಾನಿ ನಾಟ್'. ಅಜ್ಜಿಯ ಹೆಸರು ಕೆಡಿಸಿದ್ದಾರೆ. ಈ ಸೀಮೆಯ ಅಜ್ಜಿಯರಾರೂ ಹಾಗೆ ಕಟ್ಟುವವರಲ್ಲ.

ಉಳಿದ ಗಂಟುಗಳನ್ನು ಬೇಗ ಹೇಳಿ ಮುಗಿಸಬಹುದು. ಡಬಲ್ ಹಾಫ್ ಹಿಚ್‌ನಲ್ಲಿ ಅಡ್ಡ ಹಿಡಿದ ಒಂದು ಹುರಿಯ ಮೇಲೆ ಪ್ರತಿ ಎಳೆಯೂ ಎರಡೆರಡು ಸುತ್ತು ಹಾಕುತ್ತದೆ, ಓರೆಗೆರೆ, ಎಲೆ, ವಜ್ರದಾಕಾರ ಎಲ್ಲ ಇದರಿಂದಲೇ. ಅಡ್ಡಹುರಿ ಬಿಗಿಯಾಗಿ ನಿಲ್ಲದಿದ್ದರೆ ಗೆರೆ ಹಾವಾಗುತ್ತದೆ. ಇದೊಂದನ್ನೇ ಹಿಡಿದು, ಎರಡು ಬಣ್ಣದಲ್ಲಿ ಚಿತ್ರ ಬಿಡಿಸುವ ಪದ್ಧತಿಗೆ ಇಟಲಿಯ ಟ್ಯೂರಿನ್‌ನಲ್ಲಿ ಮಕ್ಕಳಿಗೆ ಇದನ್ನು ಕಲಿಸಿದ ವಲೆಂಟಿನಾ ಕವಂಡೋಲಿಯ ಹೆಸರಿದೆ. ಜೋಸೆಫೀನ್ ಗಂಟು ಚೆಲುವೆ, ಅಷ್ಟೆ. ಮಣಿ, ಕವಡೆ, ಬಣ್ಣದ ಗಾಜು ಪೋಣಿಸಿದ್ದನ್ನು ಹೊಗಳುವವರ ಜೊತೆ ವಾದ ಬೇಡ. ಕಾಮನಬಿಲ್ಲಿನ ಕೀಚೈನಿನ ಬಗ್ಗೆ ಮಾತೇ ಬೇಡ. ಗಂಟುಗಳು ಇನ್ನೂ ಬೇಕೆನ್ನುವವರಿಗೆ 1944ರಲ್ಲಿ ಬಂದ ಕ್ಲಿಫರ್ಡ್ ಆಶ್ಲಿಯ ಪುಸ್ತಕವಿದೆ. ಅದರಲ್ಲಿ 3,800ಕ್ಕೂ ಹೆಚ್ಚು ನಮೂದುಗಳಿವೆ, ಒಂದು ಜನ್ಮಕ್ಕೆ ಸಾಕು.

ಕಲಿಯಲೇಬೇಕು ಎನ್ನುವವರು ಕಿಟ್ ಕೊಳ್ಳಬೇಡಿ, ಅದರಲ್ಲಿ ಅರ್ಧ ದುಡ್ಡು ಕೋಲಿಗೆ ಹೋಗುತ್ತದೆ. ಚಿಕ್ಕಪೇಟೆಯಲ್ಲಿ ನಾಲ್ಕು ಮಿಲಿಮೀಟರಿನ, ಮೂರೆಳೆ ಹೊಸೆದ ಹತ್ತಿಹುರಿ ಕೇಳಿ. ಒಂಟಿ ಎಳೆಯದು ಬಾಚಲು ಚೆನ್ನ, ತಪ್ಪಿದ ಗಂಟು ಬಿಚ್ಚುವಷ್ಟರಲ್ಲಿ ಅದು ಪಿಸಿದುಹೋಗುತ್ತದೆ. ದುಡಿಯುವ ಎಳೆಗಳನ್ನು ಸಾಲಿನ ಉದ್ದದ ನಾಲ್ಕರಷ್ಟು ಕತ್ತರಿಸಿ, ಮಡಿಸಿ ಕೋಲಿಗೆ ಸಿಕ್ಕಿಸುವುದಾದರೆ ಎಂಟರಷ್ಟು. ಕೋಲು ಸಿಗದಿದ್ದರೆ ಕಿಟಕಿಯ ಸರಳು ಇದೆ. ಎಡದಿಂದ ಶುರುಮಾಡಿ ಇಪ್ಪತ್ತು ಪೂರ್ಣ ಗಂಟು ಹಾಕಿ, ಕಣ್ಣು ಮುಚ್ಚಿ, ಎಡದಂಚಿನಲ್ಲಿ ಹೆಬ್ಬೆರಳು ಇಳಿಸಿ. ಇಪ್ಪತ್ತು ಉಬ್ಬು ಸಿಗಬೇಕು. ಹತ್ತೊಂಬತ್ತು ಸಿಕ್ಕರೆ ಬಿಚ್ಚಿ.