ಜೆರಾಕ್ಸ್ ಅಂಗಡಿಯ ಇನ್‌ಬಾಕ್ಸ್

ಅಪರಿಚಿತರ ಅಟ್ಯಾಚ್‌ಮೆಂಟುಗಳನ್ನು ದಿನವಿಡೀ ತೆರೆಯುತ್ತಾ ಕೂರುವ ಜನ ನಮ್ಮ ದಕ್ಷಿಣ ಬೆಂಗಳೂರಿನಲ್ಲಿ ಯಾರೆಂದು ಕೇಳಿದರೆ, ಜಯನಗರ ನಾಲ್ಕನೇ ಬ್ಲಾಕಿನ, ಬಿಟಿಎಂ ಪಿಜಿ ಗಲ್ಲಿಗಳ ಜೆರಾಕ್ಸ್ ಅಂಗಡಿಯವರು ಎನ್ನುತ್ತೇನೆ. 'ಮೇಲ್ ಮಾಡ್ಬಿಡಿ ಸಾರ್' ಎಂದು ಗಾಜಿಗೆ ಅಂಟಿಸಿದ ಜಿಮೇಲ್ ವಿಳಾಸ ತೋರಿಸುತ್ತಾರೆ. ರೆಸ್ಯೂಮೆ, ಬಾಡಿಗೆ ಕರಾರು, ಹಾಲ್ ಟಿಕೆಟ್, ಗೃಹಪ್ರವೇಶದ ಕರೆಯೋಲೆ ಎಲ್ಲವೂ ಒಂದೇ ಕಂಪ್ಯೂಟರಿಗೆ ಬಂದು ಬೀಳುತ್ತವೆ. ಗೊತ್ತಿಲ್ಲದವರ ಫೈಲ್ ತೆರೆಯಬೇಡಿ ಎಂಬ ಹಳೆಯ ಬುದ್ಧಿವಾದ ಇವರ ಹತ್ತಿರ ನಡೆಯದು. ತೆರೆಯುವುದೇ ಕಸುಬು.

ಹಾಗಾದರೆ ನೋಡಬೇಕಾದ್ದು ಫೈಲಿನ ಬಾಲವನ್ನು, ಅಂದರೆ ಹೆಸರಿನ ಕೊನೆಯ ಎಕ್ಸ್‌ಟೆನ್ಷನ್ನನ್ನು. 2000ದ ಮೇ 4ರಂದು ಫಿಲಿಪೀನ್ಸ್‌ನಿಂದ ಹೊರಟ 'ಐ ಲವ್ ಯೂ' ವೈರಸ್ಸಿನ ಪ್ರೇಮಪತ್ರಕ್ಕೆ ಎರಡು ಬಾಲಗಳಿದ್ದವು: ಮೊದಲು ಟಿಎಕ್ಸ್‌ಟಿ, ಕೊನೆಗೆ ಪ್ರೋಗ್ರಾಮಿನ ಬಾಲವಾದ ವಿಬಿಎಸ್. ವಿಂಡೋಸ್ ಕೊನೆಯದನ್ನು ಮರೆಮಾಡಿ ತೋರಿಸಿದ್ದರಿಂದ ಬರೀ ಪಠ್ಯವೆಂದು ನಂಬಿದವರು ಒತ್ತಿದರು. ಅದು ಔಟ್‌ಲುಕ್ಕಿನ ವಿಳಾಸಪಟ್ಟಿಯಲ್ಲಿದ್ದವರಿಗೆಲ್ಲ ತಾನೇ ಹೋಯಿತು. ಇಷ್ಟಾದರೂ ವಿಂಡೋಸ್ 11 ಕೂಡ ಬಾಲವನ್ನು ಮುಚ್ಚಿಟ್ಟುಕೊಂಡೇ ಬರುತ್ತದೆ. ಇದನ್ನು ಹಟಮಾರಿತನ ಎನ್ನದೆ ಇನ್ನೇನೆನ್ನಲಿ? ಫೈಲ್ ಎಕ್ಸ್‌ಪ್ಲೋರರಿನ 'ವ್ಯೂ' ಒತ್ತಿ, 'ಶೋ' ಒಳಗೆ 'ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್'ಗೆ ಟಿಕ್ ಹಾಕಿ. ಕಾಸು ಖರ್ಚಿಲ್ಲ.

ಇಎಕ್ಸ್‌ಇ, ವಿಬಿಎಸ್, ಎಪಿಕೆ ಬಾಲದವನ್ನು ಜಿಮೇಲ್ ತಾನೇ ತಡೆಯುತ್ತದೆ. 2017ರ ಫೆಬ್ರವರಿಯಿಂದ ಜೆಎಸ್ ಕೂಡ ಆ ಪಟ್ಟಿಯಲ್ಲಿದೆ. ಜಿಪ್ ಒಳಗೆ ಅಡಗಿಸಿದರೂ ಹಿಡಿಯುತ್ತದೆ. ಹಾಗಾಗಿ ಮದುವೆ ಕರೆಯೋಲೆಯ ಹೆಸರಿನ ಎಪಿಕೆಗಳು (ಆಂಡ್ರಾಯ್ಡ್ ಆ್ಯಪ್ ಫೈಲುಗಳು) ವಾಟ್ಸ್‌ಆ್ಯಪ್ ಹಿಡಿದು ಬರುವುದರಲ್ಲಿ ಆಶ್ಚರ್ಯವಿಲ್ಲ.

ಜಿಮೇಲಿಗೆ ಕಷ್ಟವಾಗುವುದು ಪಾಸ್‌ವರ್ಡ್ ಹಾಕಿದ ಫೈಲ್. ಬೀಗದೊಳಗಿನ ದಾಖಲೆಯನ್ನು ಸ್ಕ್ಯಾನರ್ ಓದಲಾರದು. ನಾವೋ ಇ-ಆಧಾರ್, ಬ್ಯಾಂಕ್ ಸ್ಟೇಟ್‌ಮೆಂಟುಗಳಿಂದಾಗಿ ಪಾಸ್‌ವರ್ಡ್ ಎಂದರೆ ಭದ್ರ ಎಂದುಕೊಂಡುಬಿಟ್ಟಿದ್ದೇವೆ. ರಿಟರ್ನ್ಸ್ ಕಾಲದಲ್ಲಿ ಆಡಿಟರ್ ಕಚೇರಿಗಳಿಗೆ ಬರುವುದೆಲ್ಲ ಇಂಥವೇ. ಅಸಲಿಗೂ ಮೋಸದ್ದಕ್ಕೂ ವ್ಯತ್ಯಾಸ ಸೂಕ್ಷ್ಮ. ಇ-ಆಧಾರ್ ಪಾಸ್‌ವರ್ಡನ್ನು ಯಾರೂ ಬರೆದು ಕಳಿಸುವುದಿಲ್ಲ. ಹೆಸರಿನ ಮೊದಲ ನಾಲ್ಕು ಅಕ್ಷರ, ಹುಟ್ಟಿದ ವರ್ಷ ಎಂದು ಸೂತ್ರ ಹೇಳುತ್ತಾರೆ. ಜಿಪ್ ಫೈಲನ್ನೂ ಅದರ ಪಾಸ್‌ವರ್ಡನ್ನೂ ಒಂದೇ ಮೇಲಿನಲ್ಲಿ ಇಟ್ಟು ಕಳಿಸಿದವನು ಬೀಗ ಹಾಕಿದ್ದು ಯಾರಿಗೆ? ನಿಮಗಂತೂ ಅಲ್ಲ. ಕಳಿಸಿದವರಿಗೆ ಒಂದು ಫೋನ್ ಹಾಕಿ ಕೇಳಿ, ಆ ಮೇಲಿನಲ್ಲಿರುವ ನಂಬರಿಗಲ್ಲ.

ಇನ್ನು ವರ್ಡ್, ಎಕ್ಸೆಲ್. ಇಂಟರ್ನೆಟ್ಟಿನಿಂದ ಇಳಿದ ಫೈಲಿಗೆ ವಿಂಡೋಸ್ ಒಂದು ಗುರುತು ಹಚ್ಚುತ್ತದೆ. ಆ ಗುರುತು ಕಂಡರೆ ಆಫೀಸ್ ಹಳದಿ ಪಟ್ಟಿ ತೋರಿಸಿ 'ಪ್ರೊಟೆಕ್ಟೆಡ್ ವ್ಯೂ'ನಲ್ಲಿ ತೆರೆಯುತ್ತದೆ; 2022ರಿಂದ ಫೈಲಿನೊಳಗಿನ ಪುಟ್ಟ ಪ್ರೋಗ್ರಾಮುಗಳಾದ ಮ್ಯಾಕ್ರೋಗಳನ್ನೂ ತಡೆಯುತ್ತಿದೆ. ಆದರೆ ಎಫ್‌ಎಟಿ32 ಪೆನ್‌ಡ್ರೈವಿಗೆ ನಕಲಾದ ಕ್ಷಣವೇ ಗುರುತು ಅಳಿಸಿಹೋಗುತ್ತದೆ. ಗಿರಾಕಿ ಮನೆಯಲ್ಲಿ ಇಳಿಸಿಕೊಂಡು ಜೇಬಿನಲ್ಲಿ ತಂದ ಅಟ್ಯಾಚ್‌ಮೆಂಟನ್ನು ಅಂಗಡಿಯ ವರ್ಡ್ ಮನೆಯ ಫೈಲೆಂದೇ ತಿಳಿದು ಪಟ್ಟಿಯಿಲ್ಲದೆ ತೆರೆಯುತ್ತದೆ. ಅದಕ್ಕೇ ಪೆನ್‌ಡ್ರೈವಿಗಿಂತ ಮೇಲ್ ಮೇಲು ಎಂಬುದು ನನ್ನ ಪಕ್ಷ.

ಮೇಲ್ ಬಂದರೆ ಡೌನ್‌ಲೋಡ್ ಮಾಡದೆ ಜಿಮೇಲಿನ ಪ್ರಿವ್ಯೂದಲ್ಲೇ ತೆರೆದು ಪ್ರಿಂಟ್ ಕೊಡಬಹುದು. ಫೈಲು ಬಿಚ್ಚಿಕೊಳ್ಳುವುದು ಗೂಗಲ್‌ನ ಕಂಪ್ಯೂಟರಿನಲ್ಲಿ. ಕನ್ನಡದವರಿಗೆ ಮಾತ್ರ ಇಲ್ಲೊಂದು ತೊಡಕು. ಹಳೆಯ ನುಡಿ ಫಾಂಟಿನಲ್ಲಿ ಟೈಪಿಸಿದ ವರ್ಡ್ ಕಡತ ಪ್ರಿವ್ಯೂದಲ್ಲಿ ಚಿತ್ರವಿಚಿತ್ರ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ, ಡಿಟಿಪಿಯವರು ಇಳಿಸಿಕೊಳ್ಳಲೇಬೇಕು. ಇಳಿಸಿಕೊಂಡರೂ 'ಎನೇಬಲ್ ಎಡಿಟಿಂಗ್' ಒತ್ತುವ ಅವಸರ ಬೇಡ: ಫಾಂಟು ಕಂಪ್ಯೂಟರಿನಲ್ಲಿದ್ದರೆ ಪ್ರೊಟೆಕ್ಟೆಡ್ ವ್ಯೂನಲ್ಲೇ ಕನ್ನಡ ಕಾಣುತ್ತದೆ. 'ಕನ್ನಡ ಓದಲು ಕಂಟೆಂಟ್ ಎನೇಬಲ್ ಮಾಡಿ' ಎಂದು ಫೈಲೇ ಕೇಳಿಕೊಂಡರೆ ಅನುಮಾನಿಸಿ. ಕಳಿಸುವವರು ಯೂನಿಕೋಡ್‌ನಲ್ಲಿ ಟೈಪಿಸಲಿ, ಇಲ್ಲವೇ ಫಾಂಟ್ ಒಳಗೂಡಿಸಿ ಪಿಡಿಎಫ್ ಮಾಡಿ ಕಳಿಸಲಿ. ಆಗ ಅಂಗಡಿಯವರು ಡೌನ್‌ಲೋಡ್ ಗುಂಡಿ ಮುಟ್ಟಬೇಕಾಗುವುದಿಲ್ಲ.